ಫೋಟೊ, ವಿಡಿಯೊದ ದಿನಾಂಕ ತಪ್ಪಿದೆಯಾ? ಮೊದಲು ವ್ಯತ್ಯಾಸ ಹಿಡಿಯಿರಿ, ಆಮೇಲೆ ತಿದ್ದಿ

2024ರ ಕೈಲ್ ಪೋಳ್ದ್ (ನಮ್ಮ ಕೊಡಗಿನಲ್ಲಿ ಕೋವಿ ಪೂಜೆ ಮಾಡುವ ಹಬ್ಬ) ಮುಗಿದ ಮಾರನೇ ದಿನ ಮಾವ ಬಂದು ಮೆಮೊರಿ ಕಾರ್ಡ್ ಕೈಗಿಟ್ಟರು. "ಫೋಟೊ ತೆಗೆದದ್ದು ಹೌದು, ಕಂಪ್ಯೂಟರ್‌ಗೆ ಹಾಕಿದ್ರೆ ಮಾತ್ರ ಎಲ್ಲೂ ಕಾಣ್ತಿಲ್ಲ. ಹೋಯ್ತಾ ಎಲ್ಲ?" ಅಂತ ಕೇಳಿದರು. ಹೋಗಿರಲಿಲ್ಲ. ಎಲ್ಲಾ ಫೋಟೊ ಇದ್ದವು, ಆದರೆ 2016ರ ಜನವರಿ 1ರಲ್ಲಿ ಹೋಗಿ ಕೂತಿದ್ದವು. ಮಾವ ಹೊಸ ಫೋಟೊ ಅಂತ ಮೇಲ್ಗಡೆ ಹುಡುಕುತ್ತಿದ್ದರು, ಅವು ಎಂಟು ವರ್ಷ ಕೆಳಗಡೆ ಇದ್ದವು.

ಈ ತೊಂದರೆ ನನ್ನ ಹತ್ರ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಮದುವೆ ಕಾಲದಲ್ಲಿ ಇನ್ನೂ ಜಾಸ್ತಿ. ಪ್ರತಿ ಸಲ ನೋಡಿದ್ದು ಒಂದೇ: ಜನ ಮೊದಲು ತಿದ್ದುತ್ತಾರೆ, ಆಮೇಲೆ ಏನು ತಪ್ಪಾಗಿತ್ತು ಅಂತ ಯೋಚಿಸುತ್ತಾರೆ. ಅದು ಉಲ್ಟಾ ಆಗಬೇಕು. ಎಷ್ಟು ತಪ್ಪಿದೆ ಅಂತ ಸರಿಯಾಗಿ ಅಳೆದರೆ ಯಾಕೆ ತಪ್ಪಿತು ಅನ್ನುವುದನ್ನು ಆ ಲೆಕ್ಕವೇ ಹೇಳುತ್ತದೆ. ಯಾಕೆ ಅಂತ ಗೊತ್ತಾದರೆ ತಿದ್ದುವುದು ಹತ್ತು ನಿಮಿಷದ ಕೆಲಸ. ಅಳೆಯದೆ ತಿದ್ದಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ, ಮತ್ತೆ ಬಿಡಿಸುವುದು ಬಹಳ ಕಷ್ಟ.

ಕ್ಯಾಮೆರಾದ ಗಡಿಯಾರ ಈಗಲೇ ಮುಟ್ಟಬೇಡಿ

ದಿನಾಂಕ ತಪ್ಪಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕ್ಯಾಮೆರಾದ ಮೆನುಗೆ ಹೋಗಿ ಗಡಿಯಾರ ಸರಿ ಮಾಡುತ್ತಾರೆ. ದಯವಿಟ್ಟು ಸ್ವಲ್ಪ ತಾಳಿ. ತಪ್ಪು ಗಡಿಯಾರ ಇನ್ನೂ ಓಡುತ್ತಿರುವಾಗಲೇ ನಿಮಗೆ ಒಳ್ಳೆಯ ಅಳತೆ ಸಿಗುವುದು. ಮೊಬೈಲಿನಲ್ಲಿ ಸೆಕೆಂಡು ಕಾಣುವ ಹಾಗೆ ಗಡಿಯಾರ ತೆರೆಯಿರಿ. ಅದರ ಒಂದು ಫೋಟೊವನ್ನು ಆ ತಪ್ಪಿದ ಕ್ಯಾಮೆರಾದಲ್ಲೇ ತೆಗೆಯಿರಿ. ಚಿತ್ರದಲ್ಲಿ ನಿಜವಾದ ಸಮಯ ಇದೆ, ಫೈಲಿನ ಒಳಗೆ ಕ್ಯಾಮೆರಾ ನಂಬಿದ ಸಮಯ ಇದೆ. ಎರಡರ ನಡುವಿನ ವ್ಯತ್ಯಾಸ ಸೆಕೆಂಡಿನವರೆಗೆ ಸಿಕ್ಕಿತು. ಇಷ್ಟು ಆದ ಮೇಲೆ ಬೇಕಾದರೆ ಗಡಿಯಾರ ಸರಿ ಮಾಡಿಕೊಳ್ಳಿ.

ಮಾವ ಆಗಲೇ ಸರಿ ಮಾಡಿಬಿಟ್ಟಿದ್ದರು. ಹಾಗಾಗಿ ಬೇರೆ ದಾರಿ ಹಿಡಿಯಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಇದು ಆದದ್ದು ಹೇಗೆ ಅಂದರೆ, ನಮ್ಮ ಕಡೆ ಮಳೆಗಾಲದಲ್ಲಿ ಕ್ಯಾಮೆರಾ ಹೊರಗೆ ತೆಗೆಯುವವರು ಕಡಿಮೆ. ಜೂನ್ ಬಂತು ಅಂದರೆ ಗೋಡೆ, ಬಟ್ಟೆ, ಬೆಲ್ಟು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ, ಲೆನ್ಸಿನ ಒಳಗೂ ಹಿಡಿಯುತ್ತದೆ. ಅದಕ್ಕೆ ಮಾವ ಬ್ಯಾಟರಿ ಹೊರಗೆ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕ್ಯಾಮೆರಾ ಮುಚ್ಚಿಡುತ್ತಾರೆ. ಸರಿಯಾದ ಅಭ್ಯಾಸವೇ. ಆದರೆ ಕ್ಯಾಮೆರಾದ ಗಡಿಯಾರ ಓಡುವುದು ಒಳಗಿರುವ ಒಂದು ಪುಟ್ಟ ಬ್ಯಾಟರಿಯಿಂದ. ಎಷ್ಟೋ ಮಾಡೆಲ್‌ಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗುವುದು. ದೊಡ್ಡದನ್ನು ತಿಂಗಳುಗಟ್ಟಲೆ ಹೊರಗಿಟ್ಟರೆ ಚಿಕ್ಕದೂ ಖಾಲಿ. ಗಡಿಯಾರ ಕಾರ್ಖಾನೆಯಲ್ಲಿ ಇಟ್ಟ ದಿನಕ್ಕೆ ವಾಪಸ್ ಹೋಗುತ್ತದೆ.

"ಮಾವ, ಬ್ಯಾಟರಿ ಹಾಕಿ ಆನ್ ಮಾಡಿದಾಗ ಏನಾದ್ರೂ ಕೇಳ್ತಾ?" ಅಂತ ವಿಚಾರಿಸಿದೆ.

"ಏನೋ ಕೇಳ್ತು. ಆಗ್ಲೇ ಕೋವಿ ಪೂಜೆಗೆ ಕರೀತಿದ್ರು, ಓಕೆ ಒತ್ತಿ ಓಡಿದೆ."

ಅಷ್ಟೇ. ಆ ಒಂದು ಓಕೆಯಿಂದ ಕ್ಯಾಮೆರಾ 2016ರ ಜನವರಿ 1, ರಾತ್ರಿ 12 ಗಂಟೆಯಿಂದ ಎಣಿಸಲು ಶುರು ಮಾಡಿತು.

ಒಂದು ಫೈಲಿಗೆ ಒಂದೇ ದಿನಾಂಕ ಅಲ್ಲ

ಮುಂದೆ ಹೋಗುವ ಮೊದಲು ಇದು ತಿಳಿದಿರಬೇಕು. ಒಂದು ಜೆಪೆಗ್ ಫೋಟೊದಲ್ಲಿ ಕಡಿಮೆ ಅಂದರೂ ಎರಡು ಜಾಗದಲ್ಲಿ ದಿನಾಂಕ ಇರುತ್ತದೆ. ಒಂದು ಫೈಲಿನ ಒಳಗೆ, ಎಕ್ಸಿಫ್ ಅನ್ನುವ ಭಾಗದಲ್ಲಿ. ಇನ್ನೊಂದು ಫೈಲಿನ ಹೊರಗೆ, ಅಂದರೆ ಕಂಪ್ಯೂಟರ್ ಅಥವಾ ಕಾರ್ಡ್ ಆ ಫೈಲ್ ಬಗ್ಗೆ ಇಟ್ಟುಕೊಂಡ ಲೆಕ್ಕ. ಹೊರಗಿನದ್ದನ್ನು ನಂಬಬೇಡಿ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ "ಕ್ರಿಯೇಟೆಡ್" ದಿನಾಂಕ ಇವತ್ತಿನದ್ದಾಗುತ್ತದೆ, "ಮಾಡಿಫೈಡ್" ಹಳೆಯದೇ ಉಳಿಯುತ್ತದೆ. ಹುಟ್ಟುವುದಕ್ಕಿಂತ ಮೊದಲೇ ಬದಲಾದ ಫೈಲ್ ಹಾಗೆ ಕಾಣುತ್ತದೆ, ಅದರಿಂದ ಗಾಬರಿ ಆಗಬೇಕಾಗಿಲ್ಲ.

ಎಕ್ಸಿಫ್ ಒಳಗೂ ಮೂರು ದಿನಾಂಕ ಇವೆ: ಚಿತ್ರ ತೆಗೆದದ್ದು, ಡಿಜಿಟಲ್ ಆದದ್ದು, ಕೊನೆಗೆ ಬದಲಾದದ್ದು. ಕ್ಯಾಮೆರಾದಿಂದ ನೇರ ಬಂದ ಫೋಟೊದಲ್ಲಿ ಮೂರೂ ಒಂದೇ ಇರುತ್ತವೆ. ಮೂರನೆಯದ್ದು ಮಾತ್ರ ಬೇರೆ ಇದ್ದರೆ ಯಾವುದೋ ಎಡಿಟಿಂಗ್ ಆಪ್ ಕೈ ಹಾಕಿದೆ ಅಂತ ಅರ್ಥ. ನಮಗೆ ಮುಖ್ಯ ಮೊದಲನೆಯದ್ದು, ಡೇಟ್ ಟೈಮ್ ಒರಿಜಿನಲ್. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ "ಡೇಟ್ ಟೇಕನ್" ಅಂತ ಕಾಣುವುದು ಸಾಮಾನ್ಯವಾಗಿ ಇದೇ.

ಇನ್ನೊಂದು ವಿಷಯ. ಎಕ್ಸಿಫ್‌ನ ಈ ಸಮಯಕ್ಕೆ ಮೊದಲಿನಿಂದಲೂ ದೇಶದ ಹಂಗಿಲ್ಲ. ಗೋಡೆ ಗಡಿಯಾರದ ಹಾಗೆ, ಬರೀ ಇಷ್ಟು ಗಂಟೆ ಅಂತ ಹೇಳುತ್ತದೆ, ಎಲ್ಲಿಯ ಗಂಟೆ ಅಂತ ಹೇಳುವುದಿಲ್ಲ. 2016ರಲ್ಲಿ ಬಂದ ಎಕ್ಸಿಫ್ 2.31ರಲ್ಲಿ ಟೈಮ್ ಝೋನ್ ಬರೆಯಲು ಬೇರೆ ಜಾಗ ಕೊಟ್ಟರು. ಈಗಿನ ಫೋನ್‌ಗಳು ಅಲ್ಲಿ ಪ್ಲಸ್ 5:30 ಅಂತ ಬರೆಯುತ್ತವೆ, ಹಳೆಯ ಕ್ಯಾಮೆರಾಗಳಿಗೆ ಅದು ಗೊತ್ತೇ ಇಲ್ಲ.

ತೆಂಗಿನಕಾಯಿ ಸಿಡಿದ ಕ್ಷಣ

ಈಗ ಅಳತೆ. ಗಡಿಯಾರ ಆಗಲೇ ಸರಿ ಮಾಡಿಯಾಗಿದೆ, ಮೊಬೈಲ್ ಗಡಿಯಾರದ ಫೋಟೊ ತೆಗೆಯುವ ದಾರಿ ಮುಚ್ಚಿದೆ ಅಂತ ಇಟ್ಟುಕೊಳ್ಳಿ. ಆಗ ಹಳೆಯ ಫೋಟೊಗಳ ಒಳಗೇ ಸಾಕ್ಷಿ ಹುಡುಕಬೇಕು. ಎಲ್ಲಾದರೂ ಗಡಿಯಾರ, ಬಸ್ ಟಿಕೆಟ್, ಅಂಗಡಿ ಬಿಲ್, ಕೈಗಡಿಯಾರ ಕಾಣುತ್ತದಾ ನೋಡಿ.

ಮಾವನ ಫೋಟೊಗಳಲ್ಲಿ ಒಂದು ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ದೀಪ ಇಡುವ ನಡುಮನೆಯಲ್ಲಿ, ತೆಗೆದದ್ದು. ದೀಪ, ಕೆಳಗೆ ಸಾಲಾಗಿ ಇಟ್ಟ ಕೋವಿ, ಕೋವಿ ಮೇಲೆ ತೋಕ್ ಪೂ (ಕೋವಿ ಹೂ). ಹಿಂದೆ ಗೋಡೆ ಗಡಿಯಾರ. ದೊಡ್ಡದು ಮಾಡಿ ನೋಡಿದರೆ 10:30. ಎಕ್ಸಿಫ್ ಹೇಳಿದ್ದು 2016ರ ಜನವರಿ 1, 00:52. ಅಂದರೆ ದಿನ ಬಿಟ್ಟು ಗಂಟೆ ಮಾತ್ರ ಲೆಕ್ಕ ಹಾಕಿದರೆ 9 ಗಂಟೆ 38 ನಿಮಿಷ. ಸಿಕ್ಕಿತು ಅಂತ ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸದೇ ಇದ್ದದ್ದು ಒಳ್ಳೆಯದಾಯಿತು.

ಮಧ್ಯಾಹ್ನದ ಮೇಲೆ ಗದ್ದೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇತ್ತು. ಮಾವ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು, ಪಕ್ಕದಲ್ಲೇ ನಿಂತು ಅತ್ತೆ ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಒಂದು ಕಾಯಿ ಸಿಡಿದು ನೀರು ಹಾರಿದ ಕ್ಷಣ ಎರಡರಲ್ಲೂ ಸಿಕ್ಕಿದೆ. ಎರಡರಲ್ಲೂ ಮರದ ಎಡಕ್ಕೆ ಒಂದೇ ಚಿಪ್ಪಿನ ಚೂರು ಗಾಳಿಯಲ್ಲಿದೆ. ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಬೇಕಾ? ಅತ್ತೆಯ ಫೋನ್‌ನಲ್ಲಿ ಸಮಯ 15:42:08. ಫೋನ್ ನೆಟ್‌ವರ್ಕ್‌ನಿಂದ ಸಮಯ ತೆಗೆದುಕೊಳ್ಳುತ್ತದೆ, ಅದಕ್ಕೆ ನಂಬಬಹುದು. ಇನ್ನೂ ಅನುಮಾನ ಇದ್ದರೆ ಅದರ ಜಿಪಿಎಸ್ ಸಮಯ ನೋಡಿ, ಲೊಕೇಶನ್ ಆನ್ ಇದ್ದರೆ ಫೋಟೊದೊಳಗೆ ಅದು ಬೇರೆಯೇ ಬರೆದಿರುತ್ತದೆ. ಜಿಪಿಎಸ್ ಯಾವಾಗಲೂ ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಮೂಲ ಸಮಯ, ನಮ್ಮದಕ್ಕಿಂತ 5:30 ಹಿಂದೆ) ಇರುವುದರಿಂದ ಅಲ್ಲಿ 10:12 ಅಂತ ಇತ್ತು. 5:30 ಕೂಡಿಸಿದರೆ 15:42, ಸರಿ ಹೋಯಿತು. ಜಿಪಿಎಸ್ ಅಂಕಿ ಕೆಲವು ಸೆಕೆಂಡು ಹಳೆಯದಿರಬಹುದು, ಆದ್ದರಿಂದ ಅದರಿಂದ ಸೆಕೆಂಡು ಅಳೆಯಬೇಡಿ.

ಮಾವನ ಕ್ಯಾಮೆರಾದಲ್ಲಿ ಅದೇ ಕ್ಷಣ 06:13:55. ವ್ಯತ್ಯಾಸ 9 ಗಂಟೆ 28 ನಿಮಿಷ 13 ಸೆಕೆಂಡು. ಗೋಡೆ ಗಡಿಯಾರ 9:38 ಅಂದಿತ್ತಲ್ಲ, ಹತ್ತು ನಿಮಿಷ ಜಾಸ್ತಿ ಯಾಕೆ? ಯಾಕಂದರೆ ಆ ಮನೆಯ ಗಡಿಯಾರವನ್ನು ಬಸ್ ತಪ್ಪಬಾರದು ಅಂತ ಹತ್ತು ನಿಮಿಷ ಮುಂದೆ ಇಟ್ಟಿದ್ದಾರೆ. ಎಷ್ಟೋ ಮನೆಯಲ್ಲಿ ಹೀಗೇ. ಒಂದು ಸಾಕ್ಷಿ ಸಾಲದು, ಎರಡು ಬೇಕು ಅನ್ನುವುದು ಅದಕ್ಕೇ.

ಇನ್ನು ದಿನದ ಲೆಕ್ಕ. 2016ರ ಜನವರಿ 1ರಿಂದ ಹಬ್ಬದ ದಿನ, 2024ರ ಸೆಪ್ಟೆಂಬರ್ 3ಕ್ಕೆ 3168 ದಿನ. ಇದನ್ನು "8 ವರ್ಷ 8 ತಿಂಗಳು 2 ದಿನ" ಅಂತ ಸಾಫ್ಟ್‌ವೇರಿಗೆ ಕೊಡಬೇಡಿ, ದಿನದಲ್ಲೇ ಕೊಡಿ. ತಿಂಗಳು ಅಂದರೆ 28 ದಿನವೂ ಹೌದು, 31 ದಿನವೂ ಹೌದು. ಕಾರ್ಡಿನಲ್ಲಿ ತಿಂಗಳ ಕೊನೆ ದಾಟುವ ಫೋಟೊಗಳಿದ್ದರೆ ಲೆಕ್ಕ ಒಂದೆರಡು ದಿನ ಜಾರುತ್ತದೆ. ದಿನಕ್ಕೆ ಆ ತಕರಾರು ಇಲ್ಲ. ಯಾವ ಸ್ಪ್ರೆಡ್‌ಶೀಟ್‌ನಲ್ಲಾದರೂ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ದಿನದ ಸಂಖ್ಯೆ ಬರುತ್ತದೆ.

ಕಾವೇರಿ ತೀರ್ಥೋದ್ಭವದ ಫೋಟೊ ಕಾರ್ಡಿನಲ್ಲಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. ತಲಕಾವೇರಿಯಲ್ಲಿ ಆ ಗಳಿಗೆ ಪಂಚಾಂಗದಿಂದ ಮೊದಲೇ ಗೊತ್ತಿರುತ್ತದೆ, ಎಲ್ಲಾ ಪತ್ರಿಕೆಯಲ್ಲೂ ಬರುತ್ತದೆ. 2024ರಲ್ಲಿ ಅಕ್ಟೋಬರ್ 17ರ ಬೆಳಗ್ಗೆ 7:40. ಕೊಳದ ಹತ್ತಿರ ಅರ್ಚಕರು ತೀರ್ಥ ಎರಚಲು ಶುರು ಮಾಡಿದ ಮೊದಲ ಫೋಟೊ ಹುಡುಕಿ, ಅದರ ಸಮಯ ಎಷ್ಟಿದೆ ನೋಡಿ. ಸೆಕೆಂಡಿನ ಲೆಕ್ಕಕ್ಕೆ ಇದು ಆಗದು, ಆದರೆ ಕ್ಯಾಮೆರಾ ಗಂಟೆಗಟ್ಟಲೆ ತಪ್ಪಿದೆಯಾ ಅಂತ ತಕ್ಷಣ ಗೊತ್ತಾಗುತ್ತದೆ.

ವ್ಯತ್ಯಾಸದ ಅಂಕಿಯೇ ಕಾರಣ ಹೇಳುತ್ತದೆ

ಸರಿಯಾಗಿ 12 ಗಂಟೆ ತಪ್ಪಿದ್ದರೆ ಎಎಂ, ಪಿಎಂ ಅದಲು ಬದಲು. ಇದಕ್ಕೆ ಜಾಸ್ತಿ ಯೋಚನೆ ಬೇಡ.

ಸರಿಯಾಗಿ 1:30 ಹಿಂದೆ ಇದ್ದರೆ ಆ ಕ್ಯಾಮೆರಾ ದುಬೈಯಿಂದ ಬಂದಿದೆ. ಅಲ್ಲಿಯ ಸಮಯ ಯುಟಿಸಿಗಿಂತ 4 ಗಂಟೆ ಮುಂದೆ, ನಮ್ಮದು 5:30 ಮುಂದೆ. ರಜೆಗೆ ಬಂದವರು ಫೋನ್ ತಾನೇ ಬದಲಾಗುವುದರಿಂದ ಕ್ಯಾಮೆರಾ ಮರೆತುಬಿಡುತ್ತಾರೆ. ಒಂದು ಮದುವೆಯಲ್ಲಿ ಮೂರು ಕ್ಯಾಮೆರಾ ಇತ್ತು, ಒಂದು ಹೀಗೆ ಗಲ್ಫ್ ಸಮಯದಲ್ಲಿತ್ತು. ಎಲ್ಲಾ ಸೇರಿಸಿ ದಿನಾಂಕದ ಪ್ರಕಾರ ಜೋಡಿಸಿದರೆ ಮುಹೂರ್ತ ಮುಗಿದ ಮೇಲೆ ನಡೆಯುವ ಗಂಗಾ ಪೂಜೆಯಲ್ಲಿ ಮದುಮಗಳು ನೀರಿನ ಬಿಂದಿಗೆ ಹೊತ್ತು ನಿಂತ ಫೋಟೊ ಮುಹೂರ್ತದ ಮಧ್ಯೆ ಬಂದು ಕೂರುತ್ತಿತ್ತು. ಆ ಒಂದು ಕ್ಯಾಮೆರಾದ ಫೈಲುಗಳಿಗೆ ಮಾತ್ರ 1:30 ಕೂಡಿಸಿದೆ, ಎಲ್ಲಾ ಸಾಲಿಗೆ ಬಂತು. ಇಂಥ ಕಡೆ ಕ್ಯಾಮೆರಾ ಮಾಡೆಲ್ ಹೆಸರು ಎಕ್ಸಿಫ್‌ನಲ್ಲೇ ಇರುತ್ತದೆ, ಅದರ ಪ್ರಕಾರ ಬೇರೆ ಬೇರೆ ಫೋಲ್ಡರ್ ಮಾಡಿಕೊಳ್ಳಿ.

ಒಂದು ನಿಮಿಷ, ಮೂರು ನಿಮಿಷ, ಹೀಗೆ ಚಿಕ್ಕ ಅಂಕಿ ಆದರೆ ಗಡಿಯಾರ ನಿಧಾನಕ್ಕೆ ಜಾರಿದೆ ಅಷ್ಟೇ. ಎಲ್ಲಾ ಕ್ಯಾಮೆರಾದಲ್ಲೂ ಆಗುತ್ತದೆ. ಒಂದೇ ಕ್ಯಾಮೆರಾ ಇದ್ದರೆ ಬಿಟ್ಟುಬಿಡಿ. ಎರಡು ಮೂರು ಕ್ಯಾಮೆರಾದ್ದು ಸೇರಿಸುವಾಗ ಮಾತ್ರ ತಿದ್ದಿ.

ವರ್ಷಗಟ್ಟಲೆ ತಪ್ಪಿ, ದಿನ ಜನವರಿ 1 ಆಗಿದ್ದರೆ ಗಡಿಯಾರ ಸೊನ್ನೆಗೆ ಹೋಗಿದೆ. ಇದರಲ್ಲಿ ವರ್ಷವನ್ನು ಗಮನಿಸಿ. 2016ರ ಹಾಗಿನ ವರ್ಷ ಆದರೆ ಕ್ಯಾಮೆರಾದ್ದು. 1980 ಆದರೆ ಮೆಮೊರಿ ಕಾರ್ಡಿನಲ್ಲಿ ಫೈಲುಗಳ ಲೆಕ್ಕ ಇಡುವ ಫ್ಯಾಟ್ ವ್ಯವಸ್ಥೆಯದ್ದು, ಅದರ ಕಾಲ ಶುರು ಆಗುವುದೇ 1980ರ ಜನವರಿ 1ರಿಂದ. 1970ರ ಜನವರಿ 1, ಬೆಳಗ್ಗೆ 5:30 ಅಂತ ಕಂಡರೆ ಫೈಲಿನಲ್ಲಿ ದಿನಾಂಕವೇ ಇಲ್ಲ, ಸೊನ್ನೆಗೆ ಆಪ್ ನಮ್ಮ ದೇಶದ ಐದೂವರೆ ಗಂಟೆ ಕೂಡಿಸಿ ತೋರಿಸುತ್ತಿದೆ. ವಿಡಿಯೊದಲ್ಲಿ 1904 ಅಂತ ಕಂಡರೂ ಅದೇ ಕಥೆ, ಎಂಪಿ4 ಫೈಲ್ ಸೆಕೆಂಡು ಎಣಿಸುವುದು 1904ರ ಜನವರಿ 1ರಿಂದ. 1970, 1904 ಬಂದಾಗ ಎಷ್ಟು ಕೂಡಿಸಬೇಕು ಅಂತ ಲೆಕ್ಕ ಹಾಕಬೇಡಿ. ಅಲ್ಲಿ ತಿದ್ದಲು ಏನೂ ಇಲ್ಲ, ಹೊಸದಾಗಿ ಬರೆಯಬೇಕು.

ದಿನ, ತಿಂಗಳು ಅದಲು ಬದಲು ಆದದ್ದು ಸ್ವಲ್ಪ ಮೋಸದ ದೋಷ. ಸೆಪ್ಟೆಂಬರ್ 3ರ ಫೋಟೊ ಮಾರ್ಚ್ 9ರಲ್ಲಿ ಕಂಡರೆ, 3 ಮತ್ತು 9 ತಿರುಗಿದೆ ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ ತಿರುಗಿಸಿದ್ದು ಯಾರು? ಕ್ಯಾಮೆರಾದ ಗಡಿಯಾರ ಇಡುವಾಗಲೇ ತಪ್ಪಾಗಿದ್ದರೆ, ಮಾರನೇ ದಿನದ ಫೋಟೊ ಮಾರ್ಚ್ 10 ಆಗಿರುತ್ತದೆ, ಆಚೆ ದಿನದ್ದು ಮಾರ್ಚ್ 11. ಅಂದರೆ ಎಲ್ಲದಕ್ಕೂ ಒಂದೇ ವ್ಯತ್ಯಾಸ, 178 ದಿನ ಕೂಡಿಸಿದರೆ ಮುಗಿಯಿತು. ಯಾವುದೋ ಸಾಫ್ಟ್‌ವೇರ್ ಓದುವಾಗ ತಿರುಗಿಸಿದ್ದರೆ ಮಾರನೇ ದಿನದ್ದು ಏಪ್ರಿಲ್ 9ಕ್ಕೆ, ಅದರ ಆಚೆಯದ್ದು ಮೇ 9ಕ್ಕೆ ಹಾರಿರುತ್ತದೆ, 13ನೇ ತಾರೀಕಿನಿಂದ ಮುಂದಿನದ್ದು ಮಾತ್ರ ಸರಿ ಇರುತ್ತದೆ ಅಥವಾ ದಿನಾಂಕವೇ ಇರುವುದಿಲ್ಲ. ಅಲ್ಲಿ ಕೂಡಿಸುವ ಲೆಕ್ಕ ನಡೆಯುವುದಿಲ್ಲ, ಒಂದೊಂದನ್ನೂ ತಿರುಗಿಸಬೇಕು. ಮೂಲ ಕಾರ್ಡ್ ಇದ್ದರೆ ಅಲ್ಲಿಂದಲೇ ಮತ್ತೆ ಕಾಪಿ ಮಾಡಿಕೊಳ್ಳುವುದು ಉತ್ತಮ.

ವ್ಯತ್ಯಾಸ ಒಂದೇ ಅಲ್ಲ, ಕಾರ್ಡಿನ ಮಧ್ಯದಲ್ಲಿ ಬದಲಾಗಿದೆ ಅಂತ ಅನಿಸಿದರೆ ದಿನಾಂಕದ ಪ್ರಕಾರ ಜೋಡಿಸುವುದನ್ನು ಬಿಟ್ಟು ಫೈಲ್ ನಂಬರ್ ಪ್ರಕಾರ ಜೋಡಿಸಿ. ಗಡಿಯಾರ ಹಿಂದೆ ಹೋಗಬಹುದು, ಫೈಲ್ ನಂಬರ್ ಸಾಮಾನ್ಯವಾಗಿ ಮುಂದೆಯೇ ಹೋಗುತ್ತದೆ, 9999 ಆದ ಮೇಲೆ 0001. ನಂಬರ್ ಮುಂದೆ ಹೋಗಿ ಸಮಯ ಹಿಂದೆ ಹೋದ ಜಾಗವೇ ಗಡಿಯಾರ ಮುರಿದ ಜಾಗ. ಅಲ್ಲಿ ಎರಡು ಫೋಲ್ಡರ್ ಮಾಡಿ, ಎರಡಕ್ಕೂ ಬೇರೆ ಬೇರೆ ಅಳತೆ ತೆಗೆಯಿರಿ.

ವಿಡಿಯೊ ಬೇರೆಯೇ ಲೋಕ

ಮಾವನ ಫೋಟೊಗಳಿಗೆ 3168 ದಿನ 9:28:13 ಕೂಡಿಸಿದೆ, ಎಲ್ಲಾ ಸರಿ ಬಂತು. ಅದೇ ಅಳತೆಯನ್ನು ವಿಡಿಯೊಗಳಿಗೂ ಕೊಟ್ಟೆ. ತೆಂಗಿನಕಾಯಿ ಸಿಡಿಯುವ ವಿಡಿಯೊ ರಾತ್ರಿ 9:12ಕ್ಕೆ ಹೋಯಿತು. ಚಿತ್ರದಲ್ಲಿ ಬಿಸಿಲು ಬಿದ್ದಿದೆ, ಗದ್ದೆ ಹಸಿರಾಗಿ ಕಾಣುತ್ತಿದೆ, ಸಮಯ ಮಾತ್ರ ರಾತ್ರಿ.

15:42ಕ್ಕೆ 5:30 ಕೂಡಿಸಿ ನೋಡಿ. 21:12. ಈ ಐದೂವರೆ ಗಂಟೆ ಎಲ್ಲಿ ಕಂಡರೂ ಅಲ್ಲಿ ಯುಟಿಸಿ ಇದೆ ಅಂತ ತಿಳಿಯಿರಿ.

ಎಂಪಿ4, ಎಂಒವಿ ಫೈಲಿನ ನಿಯಮದ ಪ್ರಕಾರ ಒಳಗಿನ ಸಮಯ ಯುಟಿಸಿಯಲ್ಲಿ ಇರಬೇಕು. ಫೋನ್‌ಗಳು ಹಾಗೇ ಮಾಡುತ್ತವೆ. ಆದರೆ ತುಂಬಾ ಕ್ಯಾಮೆರಾಗಳು, ಅದರಲ್ಲೂ ತಾವು ಯಾವ ದೇಶದಲ್ಲಿದ್ದೇವೆ ಅಂತ ಗೊತ್ತಿಲ್ಲದ ಹಳೆಯ ಕ್ಯಾಮೆರಾಗಳು, ತಮ್ಮ ಗಡಿಯಾರದಲ್ಲಿ ಎಷ್ಟಿದೆಯೋ ಅಷ್ಟನ್ನೇ ಬರೆದುಬಿಡುತ್ತವೆ. ಓದುವ ಆಪ್ ಇದು ಯುಟಿಸಿ ಅಂತ ನಂಬಿ 5:30 ಕೂಡಿಸುತ್ತದೆ. ಆದ್ದರಿಂದ ಒಂದೇ ಕ್ಯಾಮೆರಾದ ಫೋಟೊ ಸರಿ, ವಿಡಿಯೊ ಐದೂವರೆ ಗಂಟೆ ಮುಂದೆ.

ಇದರ ಉಲ್ಟಾ ಕೂಡ ನೋಡಿದ್ದೇನೆ. ಫೋನ್ ಸರಿಯಾಗಿ ಯುಟಿಸಿ ಬರೆದಿರುತ್ತದೆ, ಆದರೆ ಓದುವ ಸಾಫ್ಟ್‌ವೇರ್ ಅದನ್ನು ಹಾಗೇ ತೋರಿಸುತ್ತದೆ, ವಿಡಿಯೊ ಐದೂವರೆ ಗಂಟೆ ಹಿಂದೆ ಕಾಣುತ್ತದೆ. 2023ರಲ್ಲಿ ತೀರ್ಥೋದ್ಭವ ನಡುರಾತ್ರಿ ದಾಟಿ 1:27ಕ್ಕೆ ಆಯಿತು, ಅಂದರೆ ಅಕ್ಟೋಬರ್ 18. ಯುಟಿಸಿಯಲ್ಲಿ ನೋಡಿದರೆ ಅದು 17ರ ಸಂಜೆ 7:57. ದಿನವೇ ಬದಲಾಯಿತು. ಇಲ್ಲಿ ಫೈಲ್ ತಪ್ಪಿಲ್ಲ! ಇದನ್ನು ತಿದ್ದಿದರೆ ಸರಿ ಇದ್ದದ್ದನ್ನು ಕೆಡಿಸಿದ ಹಾಗೆ. ಅದಕ್ಕೇ ವಿಡಿಯೊ ತಿದ್ದುವ ಮೊದಲು ಎರಡು ಬೇರೆ ಬೇರೆ ಆಪ್‌ನಲ್ಲಿ ತೆರೆದು ನೋಡಿ. ಮುಂದೆ ಹೋಗಿ ಕೂತರೆ ಫೈಲಿನ ತಪ್ಪು ಇರುವುದು ಜಾಸ್ತಿ, ಹಿಂದೆ ಹೋಗಿ ಕೂತರೆ ಓದುವವನ ತಪ್ಪು ಇರುವುದು ಜಾಸ್ತಿ.

ಮಾವನ ವಿಡಿಯೊಗಳಿಗೆ ಮಾಡಿದ್ದು ಇಷ್ಟು: 9:28:13ರಿಂದ 5:30 ಕಳೆದೆ. 3168 ದಿನ 3:58:13. ಮೂಲ ಕಾಪಿ ತೆಗೆದುಕೊಂಡು ಈ ಅಳತೆ ಕೂಡಿಸಿದೆ. ಕಾಯಿ 15:42ಕ್ಕೆ ಸಿಡಿಯಿತು.

ವಿಡಿಯೊದಲ್ಲಿ ಜನ ಬೀಳುವ ಇನ್ನೊಂದು ಗುಂಡಿ ಇದೆ. ಫೈಲಿನ ತಲೆಯಲ್ಲಿ ಒಂದು ದಿನಾಂಕ, ಚಿತ್ರದ ಟ್ರ್ಯಾಕ್‌ಗೆ ಒಂದು, ಶಬ್ದದ ಟ್ರ್ಯಾಕ್‌ಗೆ ಒಂದು, ಅವುಗಳ ಒಳಗಿನ ಮೀಡಿಯಾ ಭಾಗಕ್ಕೆ ಮತ್ತೊಂದು. ಒಂದನ್ನೇ ತಿದ್ದಿದರೆ ಒಂದು ಆಪ್‌ನಲ್ಲಿ ಸರಿ, ಇನ್ನೊಂದರಲ್ಲಿ ಹಳೆಯದೇ. ಐಫೋನ್‌ನ ಎಂಒವಿಯಲ್ಲಿ ಇದೆಲ್ಲದರ ಜೊತೆ ಟೈಮ್ ಝೋನ್ ಸಮೇತ ಬರೆದ ಬೇರೆ ದಿನಾಂಕ ಇದೆ, ಆಪಲ್ ಫೋಟೋಸ್ ಅದನ್ನೇ ನಂಬುತ್ತದೆ. "ತಿದ್ದಿದೆ, ಆದ್ರೂ ಬದಲಾಗಿಲ್ಲ" ಅಂತ ಹೇಳುವವರಲ್ಲಿ ಹೆಚ್ಚಿನವರು ಬಿದ್ದಿರುವುದು ಈ ಗುಂಡಿಯಲ್ಲೇ. ಹಳೆಯ ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಮತ್ತು ಎವಿಐ ಫೈಲ್ ಆದರೆ ಒಳಗೆ ಬರೆಯಲು, ಮುಂದೆ ಹೇಳುವ ದಿನಾಂಕ ತಿದ್ದುವ ಸಾಫ್ಟ್‌ವೇರ್ ಎಕ್ಸಿಫ್‌ಟೂಲ್‌ಗೂ ಆಗುವುದಿಲ್ಲ. ಅವುಗಳಿಗೆ ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು, ದಿನ, ಗಂಟೆ ಬರೆದಿಡುವುದು ಒಳ್ಳೆಯದು.

ತಿದ್ದುವ ಕೆಲಸ

ಮೊದಲು ಇಡೀ ಫೋಲ್ಡರ್ ಬೇರೆ ಕಡೆ ಕಾಪಿ ಮಾಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ನಾನು ಬಳಸುವುದು ಎಕ್ಸಿಫ್‌ಟೂಲ್. ಫಿಲ್ ಹಾರ್ವೆ ಅನ್ನುವವರು ಮಾಡಿದ್ದು, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕಮಾಂಡ್ ಬರೆಯಬೇಕು. ಆಲ್‌ಡೇಟ್ಸ್ ಅನ್ನುವ ಒಂದೇ ಹೆಸರಿಗೆ ಪ್ಲಸ್ ಈಕ್ವಲ್ ಹಾಕಿ ಅಳತೆ ಕೊಟ್ಟರೆ ಎಕ್ಸಿಫ್‌ನ ಮೂರೂ ದಿನಾಂಕ ಒಟ್ಟಿಗೆ ಸರಿಯುತ್ತವೆ. ಅಳತೆ ಬರೆಯುವುದು ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡು ಅನ್ನುವ ಸಾಲಿನಲ್ಲಿ. ಮಾವನದ್ದಕ್ಕೆ 0:0:3168 9:28:13. ವಿಡಿಯೊಗೆ ಆಲ್‌ಡೇಟ್ಸ್ ಸಾಲದು, ಟ್ರ್ಯಾಕ್ ಮತ್ತು ಮೀಡಿಯಾ ದಿನಾಂಕಗಳನ್ನೂ ಹೆಸರು ಹೇಳಿ ಸೇರಿಸಬೇಕು. ಇದು ಪ್ರತಿ ಫೈಲಿನ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೆ "ಒರಿಜಿನಲ್" ಅಂತ ಸೇರಿಸಿ ಪಕ್ಕದಲ್ಲೇ ಉಳಿಸುತ್ತದೆ. ಪೂರ್ತಿ ಖಾತ್ರಿ ಆಗುವವರೆಗೆ ಅವನ್ನು ಅಳಿಸಬೇಡಿ.

ಕಮಾಂಡ್ ಬೇಡ ಅನ್ನುವವರಿಗೆ ಡಿಜಿಕ್ಯಾಮ್ ಇದೆ, ಅದೂ ಉಚಿತ. ಫೋಟೊಗಳನ್ನು ಆರಿಸಿ ಸಮಯ ಸರಿಪಡಿಸುವ ಕಿಟಕಿ ತೆರೆದರೆ ಎಷ್ಟು ಕೂಡಿಸಬೇಕು, ಕಳೆಯಬೇಕು ಅಂತ ಕೊಡಬಹುದು. ಮೊಬೈಲ್ ಗಡಿಯಾರದ ಫೋಟೊ ತೆಗೆದಿದ್ದರೆ ಅದನ್ನು ತೋರಿಸಿ ವ್ಯತ್ಯಾಸವನ್ನು ಅದರಿಂದಲೇ ಲೆಕ್ಕ ಹಾಕಿಸಬಹುದು. ಹೊಸಬರಿಗೆ ನಾನು ಹೇಳುವುದು ಇದನ್ನೇ.

ವಿಂಡೋಸ್‌ನ ಪ್ರಾಪರ್ಟೀಸ್‌ನಲ್ಲಿ ನೂರು ಫೋಟೊ ಒಟ್ಟಿಗೆ ಆರಿಸಿ ಡೇಟ್ ಟೇಕನ್ ಬದಲಾಯಿಸಬೇಡಿ. ನೂರಕ್ಕೂ ಒಂದೇ ದಿನಾಂಕ ಬೀಳುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲೂ ಹಲವು ಫೋಟೊ ಆರಿಸಿದಾಗ ಎರಡು ದಾರಿ ಕೇಳುತ್ತದೆ, ಎಲ್ಲವನ್ನೂ ಒಂದೇ ಅಳತೆಯಲ್ಲಿ ಸರಿಸುವುದು ಅಥವಾ ಎಲ್ಲದಕ್ಕೂ ಒಂದೇ ಸಮಯ ಇಡುವುದು. ಸರಿಸುವುದನ್ನೇ ಆರಿಸಿ. ಅಲ್ಲಿ ತಿದ್ದಿದ್ದು ಗೂಗಲ್‌ನ ಲೆಕ್ಕದಲ್ಲಿ ಮಾತ್ರ ಇರುತ್ತದೆ, ಫೈಲಿನ ಒಳಗೆ ಹೋಗುವುದಿಲ್ಲ ಅನ್ನುವುದು ನೆನಪಿರಲಿ. ನಾಳೆ ಆ ಫೋಟೊ ಡೌನ್‌ಲೋಡ್ ಮಾಡಿದರೆ 2016 ಮತ್ತೆ ಬರುತ್ತದೆ.

ತಿದ್ದಿದ ಮೇಲೆ ಮೂರು ಫೋಟೊ ನೋಡಿ: ಮೊದಲನೆಯದ್ದು, ಮಧ್ಯದ್ದು, ಕೊನೆಯದ್ದು. ಮಾವನ ಕಾರ್ಡಿನಲ್ಲಿ ಬಾಳೆಲೆ ಮೇಲೆ ಕಡಂಬುಟ್ಟು, ಪಂದಿಕರಿ ಬಡಿಸಿದ ಫೋಟೊ 03:40ಕ್ಕೆ ಇತ್ತು, ಅದು 13:08 ಆಯಿತು. ಊಟದ ಹೊತ್ತು, ಸರಿ.

ವಾಟ್ಸಾಪ್‌ನಿಂದ ಬಂದದ್ದು

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಎಕ್ಸಿಫ್ ಅಳಿದು ಹೋಗುತ್ತದೆ. ಆಂಡ್ರಾಯ್ಡ್ ಫೋನ್‌ನಲ್ಲಿ ಉಳಿಯುವುದು ಫೈಲಿನ ಹೆಸರಿನಲ್ಲಿರುವ ದಿನ ಮಾತ್ರ, 20240904 ಅನ್ನುವ ಹಾಗೆ, ಆಮೇಲೆ ಡಬ್ಲ್ಯುಎ ಮತ್ತು ನಾಲ್ಕು ಅಂಕಿ. ಆ ದಿನ ಫೋಟೊ ತೆಗೆದ ದಿನ ಅಲ್ಲ, ವಾಟ್ಸಾಪ್‌ನಲ್ಲಿ ಓಡಾಡಿದ ದಿನ. ಹೆಸರಿನಿಂದ ದಿನಾಂಕ ತುಂಬುವಾಗ ಕೊನೆಯ ನಾಲ್ಕು ಅಂಕಿ ಸಮಯ ಅಲ್ಲ ಅನ್ನುವುದನ್ನು ಗಮನಿಸಿ, ಅದು ಬರೀ ಕ್ರಮಸಂಖ್ಯೆ. ಕೆಲವು ಸಲ ಸಾಫ್ಟ್‌ವೇರ್ 0012 ಅನ್ನುವುದನ್ನು 00:12 ಅಂತ ಓದಿಬಿಡುತ್ತದೆ. ಆ ಭಾಗ ಕತ್ತರಿಸಿ, ಸಮಯಕ್ಕೆ ಮಧ್ಯಾಹ್ನ 12 ಗಂಟೆ ಇಡಿ. ಸಾಧ್ಯ ಇದ್ದರೆ ಕಳಿಸಿದವರಿಗೆ ಫೋನ್ ಮಾಡಿ "ಡಾಕ್ಯುಮೆಂಟ್ ಮಾಡಿ ಇನ್ನೊಮ್ಮೆ ಕಳ್ಸಿ" ಅಂತ ಕೇಳಿ. ಹಾಗೆ ಕಳಿಸಿದರೆ ಒಳಗಿನದ್ದೆಲ್ಲ ಹಾಗೇ ಬರುತ್ತದೆ.

ಸಾಕ್ಷಿಗೆ ಬೇಕಾದ ಫೈಲ್ ತಿದ್ದಬೇಡಿ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಮಾದಾಪುರ ಕಡೆ ಎಷ್ಟೋ ಜನ ಮನೆ, ತೋಟ ಹೋದದ್ದರ ಫೋಟೊ ತೆಗೆದಿಟ್ಟರು. ಕರೆಂಟ್ ಇಲ್ಲ, ಚಾರ್ಜ್ ಇಲ್ಲ, ಸಿಕ್ಕಿದ ಕ್ಯಾಮೆರಾದಲ್ಲಿ ತೆಗೆದದ್ದು. ಅಂಥ ಫೋಟೊದಲ್ಲಿ ದಿನಾಂಕ ತಪ್ಪಿದ್ದರೆ ತಿದ್ದಬೇಕು ಅಂತ ಮನಸ್ಸು ಎಳೆಯುತ್ತದೆ. ಬೇಡ. ಪರಿಹಾರ, ವಿಮೆ, ಪೊಲೀಸ್ ದೂರು, ಆನೆ ತೋಟಕ್ಕೆ ನುಗ್ಗಿದ ಸಿಸಿಟಿವಿ ದೃಶ್ಯ, ಯಾವುದೇ ಆಗಲಿ, ಇನ್ನೊಬ್ಬರ ಮುಂದೆ ಇಡಬೇಕಾದ ಫೈಲ್ ಇದ್ದ ಹಾಗೇ ಇರಲಿ. ತಿದ್ದಿದ ಫೈಲಿನಲ್ಲಿ ತಿದ್ದಿದ ಗುರುತು ಉಳಿಯಬಹುದು, ಆಮೇಲೆ ನಿಜ ಹೇಳಿದರೂ ನಂಬುವವರು ಕಡಿಮೆ. ಕ್ಯಾಮೆರಾದ ಗಡಿಯಾರ ಇಷ್ಟು ತಪ್ಪಿತ್ತು, ಅದು ಗೊತ್ತಾದದ್ದು ಹೀಗೆ ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮನೆಯ ಆಲ್ಬಮ್‌ಗೆ ಬೇಕಾದರೆ ಬೇರೆ ಕಾಪಿ ತಿದ್ದಿಕೊಳ್ಳಿ.

ಸಿಸಿಟಿವಿಯಲ್ಲಿ ಚಿತ್ರದ ಮೇಲೇ ಸಮಯ ಅಚ್ಚಾಗಿರುತ್ತದೆ, ಅದನ್ನು ಮೆಟಾಡೇಟಾ (ಫೈಲಿನ ಒಳಗೆ ಬರೆದ ದಿನಾಂಕದಂಥ ಮಾಹಿತಿ) ತಿದ್ದಿ ಬದಲಾಯಿಸಲು ಆಗುವುದಿಲ್ಲ. ಪ್ರತಿ ಸಲ ಕರೆಂಟ್ ಹೋಗಿ ಬಂದ ಮೇಲೆ ದೃಶ್ಯ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಅದರ ಬೋರ್ಡಿನಲ್ಲಿರುವ ಬಿಲ್ಲೆ ಬ್ಯಾಟರಿ ಸತ್ತಿದೆ. ಹೊಸದು ಹಾಕಿಸಿ, ಇಂಟರ್‌ನೆಟ್ ಇದ್ದರೆ ಸಮಯ ತಾನೇ ತೆಗೆದುಕೊಳ್ಳುವ ಆಯ್ಕೆ ಆನ್ ಮಾಡಿ.

ಕ್ಯಾಮೆರಾಗೂ ಅಷ್ಟೇ. ಮಳೆಗಾಲದಲ್ಲಿ ಬ್ಯಾಟರಿ ತೆಗೆದಿಡುವುದು ಸರಿ, ಆದರೆ ತಿಂಗಳಿಗೊಮ್ಮೆ ಬಿಸಿಲು ಕಂಡ ದಿನ ಚಾರ್ಜ್ ಮಾಡಿದ ಬ್ಯಾಟರಿ ಹಾಕಿ ಎರಡು ದಿನ ಒಳಗೇ ಬಿಡಿ, ಒಳಗಿನ ಚಿಕ್ಕದು ತುಂಬಿಕೊಳ್ಳುತ್ತದೆ. ಹೊರಗೆ ತೆಗೆದ ಮೊದಲ ದಿನ ಬೇರೆ ಏನೂ ತೆಗೆಯುವ ಮೊದಲು ಮೊಬೈಲಿನ ಗಡಿಯಾರದ ಒಂದು ಫೋಟೊ ತೆಗೆಯಿರಿ. ಮಾವ ಈಗ ಹಾಗೇ ಮಾಡುತ್ತಾರೆ. ಆ ವರ್ಷದ ಪುತ್ತರಿ (ಸುಗ್ಗಿ ಹಬ್ಬ) ಕಾರ್ಡಿನಲ್ಲಿ ಮೊದಲ ಫೋಟೊ ಅತ್ತೆಯ ಫೋನ್, ಅದರ ಮೇಲೆ 18:05:31, ಎರಡನೆಯದ್ದು ಗದ್ದೆಗೆ ಹೊರಟ ದುಡಿಯವರು.